ಆಕುರ್ಡಿಯಲ್ಲಿ ಹುಟ್ಟಿದ ಇಟಲಿ

ಪುಣೆಯ ಶಿವಾಜಿನಗರದಿಂದ ಹಳೆಯ ಮುಂಬಯಿ ರಸ್ತೆ ಹಿಡಿದರೆ ಆಕುರ್ಡಿ ದೂರವೇನಲ್ಲ. ಬಜಾಜ್ ಆಟೊ ಕಾರ್ಖಾನೆ ಇದ್ದದ್ದು ಅಲ್ಲಿ. ಸಾಲುಸಾಲಾಗಿ ಸ್ಕೂಟರುಗಳು ಹೊರಬೀಳುತ್ತಿದ್ದದ್ದೂ ಅಲ್ಲಿಂದಲೇ. ಆದರೂ ಶಿವಾಜಿನಗರದ ಕನ್ನಡ ಕುಟುಂಬವೊಂದರ ಬಾಗಿಲಿಗೆ ಆಕುರ್ಡಿಯಿಂದ ಒಂದು ಚೇತಕ್ ಬಂದು ನಿಲ್ಲಲು ವರ್ಷಗಟ್ಟಲೆ ಹಿಡಿಯಿತು. ೧೯೭೦ರ ದಶಕದಲ್ಲಿ ಸ್ಕೂಟರನ್ನು ಅಂಗಡಿಗೆ ಹೋಗಿ ಕೊಂಡು ತರುವಂತಿರಲಿಲ್ಲ. ಹೆಸರು ಬರೆಸಬೇಕು, ಠೇವಣಿ ಇಡಬೇಕು, ಸರದಿ ಕಾಯಬೇಕು. ಒಂದು ವರ್ಷಕ್ಕೆ ಎಷ್ಟು ಸ್ಕೂಟರ್ ತಯಾರಿಸಬಹುದು ಎಂಬುದನ್ನು ಕಾರ್ಖಾನೆಯಲ್ಲ, ಸರ್ಕಾರದ ಪರವಾನಗಿ ನಿರ್ಧರಿಸುತ್ತಿತ್ತು. ಅನುಮತಿಗಿಂತ ಹೆಚ್ಚು ತಯಾರಿಸಿದ್ದಕ್ಕೆ ಜೈಲಿಗೆ ಕಳಿಸುವುದಾದರೆ ಅದಕ್ಕೂ ಸಿದ್ಧ ಎಂದು ರಾಹುಲ್ ಬಜಾಜ್ ಬಹಿರಂಗವಾಗಿಯೇ ಹೇಳುತ್ತಿದ್ದ ಕಾಲ ಅದು.

ಹೆಸರು ಬರೆಸಿದವರು ಹವಾಮಾನ ಇಲಾಖೆಯ ಶಿಮ್ಲಾ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಕಾಕಾ. ೧೯೨೮ರಲ್ಲಿ ಆ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂದಾಗ ಜೊತೆಗೆ ಬಂದ ಹೆಸರು ಇವತ್ತಿಗೂ ಆ ಕಟ್ಟಡಕ್ಕೂ ಅದರ ಮುಂದಿನ ಚೌಕಕ್ಕೂ ಅಂಟಿಕೊಂಡಿದೆ. ಧಾರವಾಡದಿಂದ ಕಾಕಾನ ಮನೆಗೆ ಓದಲು ಬಂದ ಹುಡುಗ ಈ ಕತೆಯ ಮುಖ್ಯ ವ್ಯಕ್ತಿ. ಆತನಿಗೆ ಸೀಟು ಸಿಕ್ಕಿದ್ದು ಶಿವಾಜಿನಗರದ್ದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ. ೧೮೫೪ರಲ್ಲಿ ಆರಂಭವಾದ ಆ ಕಾಲೇಜಿನಿಂದಲೇ ವಿಶ್ವೇಶ್ವರಯ್ಯನವರು ೧೮೮೩ರಲ್ಲಿ ಪದವಿ ಪಡೆದು ಹೊರಬಿದ್ದರು ಎಂಬುದನ್ನು ಧಾರವಾಡದಲ್ಲಿ ಮನೆಮಂದಿಯೆಲ್ಲ ಸೇರಿ ಆತನ ಕಿವಿಗೆ ಹಾಕಿ ಕಳಿಸಿದ್ದರು. ಮೆಕ್ಯಾನಿಕಲ್ ವಿಭಾಗದ ಪಾಠ ಕಾಲೇಜಿನಲ್ಲಿ ನಡೆಯಿತು. ಯಂತ್ರದ ಮೇಲಿನ ಪ್ರೀತಿ ಮಾತ್ರ ಹುಟ್ಟಿದ್ದು ಕಾಕಾನ ಮನೆಯ ಅಂಗಳದಲ್ಲಿ, ನಸುನೀಲಿ ಚೇತಕ್‌ನ ಬಲಬದಿಯ ಮುಚ್ಚಳ ಬಿಚ್ಚಿಟ್ಟ ಭಾನುವಾರಗಳಲ್ಲಿ.

ಮೊದಲ ಪಾಠ ಸ್ಟಾರ್ಟ್ ಮಾಡುವುದರದ್ದು. ಚಳಿಗಾಲದ ಬೆಳಿಗ್ಗೆ ಹುಡುಗ ಒಂದೇ ಸಮನೆ ಕಿಕ್ ಹೊಡೆಯುತ್ತಿದ್ದರೆ ಕಾಕಾ ಒಳಗಿನಿಂದಲೇ ಕೂಗುತ್ತಿದ್ದರು: “ಹಂಗ ಒದ್ದರ ಬರೂದಿಲ್ಲೋ ತಮ್ಮಾ, ಮೊದಲ ವಾಲಿಸು!” ಸ್ಕೂಟರನ್ನು ಒಂದು ಬದಿಗೆ ಚೆನ್ನಾಗಿ ಬಾಗಿಸಿ, ಕ್ಷಣ ಹಿಡಿದು, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆದರೆ ಇಂಜಿನ್ ಕೆಮ್ಮಿ ಎದ್ದೇಳುತ್ತಿತ್ತು. ಭಾರತದ ಒಂದಿಡೀ ಪೀಳಿಗೆ ಮಾಡಿದ ಕಸರತ್ತು ಇದು. ಬಾಗಿಸಿದಾಗ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹೆಚ್ಚು ತುಂಬಿಕೊಳ್ಳುತ್ತದೆ, ತಣ್ಣಗಿನ ಇಂಜಿನ್ನಿಗೆ ಬೇಕಾದ ಗಟ್ಟಿ ಮಿಶ್ರಣ ಸಿಗುತ್ತದೆ ಎಂದು ಗ್ಯಾರೇಜಿನ ಮೇಸ್ತ್ರಿ ವಿವರಿಸಿದ. ಅದೇ ವಿಷಯ ಕಾಲೇಜಿನ ಪುಸ್ತಕದಲ್ಲಿ ಬರುವ ಹೊತ್ತಿಗೆ ಆತನಿಗೆ ಅದು ಕೈಗೆ ಹತ್ತಿದ ವಿದ್ಯೆಯಾಗಿತ್ತು.

ಈ ಗಾಡಿಯ ಬೇರು ಇಟಲಿಯದು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಾಳಾದ ಪಾಂಟೆಡೆರಾದ ಪಿಯಾಜಿಯೊ ವಿಮಾನ ಕಾರ್ಖಾನೆ, ಯುದ್ಧ ಮುಗಿದ ಮೇಲೆ ಬದುಕಲು ಬೇರೆ ದಾರಿ ಹುಡುಕಬೇಕಾಯಿತು. ಎನ್ರಿಕೊ ಪಿಯಾಜಿಯೊ ಆ ಕೆಲಸ ಒಪ್ಪಿಸಿದ್ದು ಕೊರಾದಿನೊ ದಸ್ಕಾನಿಯೊ ಎಂಬ ವಿಮಾನ ಎಂಜಿನಿಯರಿಗೆ. ದಸ್ಕಾನಿಯೊಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ: ಬಟ್ಟೆಗೆ ಎಣ್ಣೆ ಹತ್ತುತ್ತದೆ, ಚೈನು ಕೊಳಕು, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ರೇಜಿಗೆ. ಆ ಅಸಮಾಧಾನದಿಂದಲೇ ವೆಸ್ಪಾ ರೂಪುಗೊಂಡಿತು. ೧೯೪೬ರ ಏಪ್ರಿಲ್‌ನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾದ ಆ ಗಾಡಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ಅಚ್ಚೊತ್ತಿದ ಉಕ್ಕಿನ ತಗಡಿನ ಮೈಯೇ ಭಾರ ಹೊರುತ್ತದೆ. ಮುಂದಿನ ಚಕ್ರವನ್ನು ವಿಮಾನದ ಗಾಲಿಯ ಹಾಗೆ ಒಂದೇ ಬದಿಯ ತೋಳು ಹಿಡಿದಿದೆ. ಚೈನೂ ಇಲ್ಲ, ಇಂಜಿನ್, ಗೇರುಪೆಟ್ಟಿಗೆ, ಹಿಂದಿನ ಚಕ್ರ ಮೂರೂ ಒಂದೇ ಗಂಟು.

ಬಜಾಜ್‌ನವರು ೧೯೪೮ರಿಂದ ವೆಸ್ಪಾ ಆಮದು ಮಾಡುತ್ತಿದ್ದರು. ೧೯೬೦ರ ದಶಕದ ಆರಂಭದಲ್ಲಿ ಪಿಯಾಜಿಯೊ ಜೊತೆಗಿನ ಒಪ್ಪಂದದಡಿ ಇಲ್ಲಿಯೇ ತಯಾರಿಕೆ ಶುರುವಾಯಿತು. ೧೯೭೧ರಲ್ಲಿ ಆ ಒಪ್ಪಂದ ಮುಗಿದಾಗ ಸರ್ಕಾರ ನವೀಕರಣಕ್ಕೆ ಒಪ್ಪಲಿಲ್ಲ. ಮರುವರ್ಷವೇ, ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಬಂತು. ಹೆಸರು ಬದಲಾದರೂ ಒಳಗಿನ ಎಲುಬು ಇಟಲಿಯದೇ ಆಗಿತ್ತು. ಬಜಾಜ್ ಸ್ಕೂಟರುಗಳು ಪರದೇಶಗಳಿಗೆ ಹೋಗತೊಡಗಿದ ಮೇಲೆ ಪಿಯಾಜಿಯೊ ಅಲ್ಲಿನ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ್ದೂ ಈ ಹೋಲಿಕೆಗಾಗಿಯೇ.

ಎಲುಬಿನ ಜೊತೆಗೆ ಎಲ್ಲ ಚಾಳಿಗಳೂ ಬಂದವು. ಇಂಜಿನ್ ಪೂರ್ತಿ ಬಲಬದಿಗಿದ್ದುದರಿಂದ ಗಾಡಿ ಸದಾ ಬಲಕ್ಕೆ ಎಳೆಯುತ್ತಿತ್ತು. ಹಳೆಯ ಸವಾರರು ತಮಗರಿವಿಲ್ಲದೆಯೇ ಎಡಕ್ಕೆ ಸರಿದು ಕೂರುತ್ತಿದ್ದರು. ಪೆಟ್ರೋಲ್ ಲೀಟರಿಗೆ ೨೦ ಮಿಲಿಲೀಟರ್ ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ, ಸೈಲೆನ್ಸರಿಗೆ ಕಿಟ್ಟ, ಹಿಂದೆ ಬರುವವನಿಗೆ ಹೊಗೆ. ಹೆಡ್‌ಲೈಟಿಗೆ ಕರೆಂಟು ಇಂಜಿನ್ನಿನ ಮ್ಯಾಗ್ನೆಟೊದಿಂದಲೇ ಬರುತ್ತಿದ್ದ ಗಾಡಿಗಳಲ್ಲಿ, ರಾತ್ರಿ ಗುಂಡಿ ಕಂಡು ವೇಗ ತಗ್ಗಿಸಿದ ಕೂಡಲೇ ಬೆಳಕೂ ತಗ್ಗುತ್ತಿತ್ತು. ಅಂದರೆ ಬೆಳಕು ಹೆಚ್ಚು ಬೇಕಾದಲ್ಲಿಯೇ ಕಡಿಮೆ. ಮುಂದಿನ ಬ್ರೇಕ್ ಒತ್ತಿದರೆ ಮೂತಿ ಕೆಳಗಿಳಿಯುವುದು, ಮಳೆಯಲ್ಲಿ ಹಿಂದಿನ ಬ್ರೇಕ್ ತುಳಿದರೆ ಸೊಂಟ ಪಕ್ಕಕ್ಕೆ ಜಾರುವುದು, ಕಾಲಿಡುವ ತಗಡು ರಬ್ಬರ್ ಹಾಸಿನ ಅಡಿಯಲ್ಲಿ ಯಾರಿಗೂ ಕಾಣದಂತೆ ತುಕ್ಕು ಹಿಡಿಯುವುದು ಎಲ್ಲರ ಗಾಡಿಯಲ್ಲೂ ಇದ್ದದ್ದೇ.

ಹೀಗಿದ್ದೂ ಆ ಕಾಲದವರನ್ನು ಕೇಳಿ ನೋಡಿ, ಚೇತಕ್ ಕೈಕೊಡುವುದಿಲ್ಲ ಎಂದೇ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅದು ಕೆಡುತ್ತಿತ್ತು, ಆದರೆ ಕೆಟ್ಟ ಜಾಗದಲ್ಲಿಯೇ ದುರಸ್ತಿಯಾಗುತ್ತಿತ್ತು. ಗೇರ್ ವಾಯರ್ ತುಂಡಾದರೆ ಸೀಟಿನ ಕೆಳಗೆ ಹೊಸದಿರುತ್ತಿತ್ತು. ಪಂಕ್ಚರ್ ಆದರೆ ಜೊತೆಗಿದ್ದ ಸ್ಟೆಪ್ನಿ ಮುಂದಕ್ಕೂ ಹಿಂದಕ್ಕೂ ಹೊಂದುತ್ತಿತ್ತು. ಎರಡು ಹೋಳಿನ ರಿಮ್ಮನ್ನು ಪಾನಾ ಒಂದರಿಂದಲೇ ಬಿಚ್ಚಬಹುದಿತ್ತು. ಪ್ಲಗ್ ಬಿಚ್ಚಿ ಎಮರಿ ಕಾಗದದಿಂದ ತಿಕ್ಕಿ ಊದುವುದು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಪೆಟ್ರೋಲ್ ಮುಗಿದು ಗಾಡಿ ನಿಂತರೆ ಕೈ ತಾನಾಗಿ ಸೀಟಿನ ಕೆಳಗಿನ ರಿಸರ್ವ್ ತಿರುಪಿಗೆ ಹೋಗುತ್ತಿತ್ತು.

ಅದಕ್ಕಿಂತ ದೊಡ್ಡ ಕೆಲಸಕ್ಕೆ ಓಣಿಯ ಮೇಸ್ತ್ರಿ ಇದ್ದ. ರೈಲು ನಿಲ್ದಾಣದ ಹಿಂದಿನ ಸಂದಿಯಲ್ಲಿ ತಗಡಿನ ಮಾಡಿನ ಕೆಳಗೆ ಕೆಲಸ ಮಾಡುತ್ತಿದ್ದ ಆ ಮರಾಠಿ ಮನುಷ್ಯನಿಗೆ ಇಂಜಿನ್ ಕೆಳಗಿಳಿಸುವುದು ಚಹಾ ಆರುವಷ್ಟರ ಕೆಲಸ. ತಂತಿಗಳನ್ನು ಬಿಡಿಸಿ, ಹಿಂದಿನ ಶಾಕಬ್ಸಾರ್ಬರಿನ ಬೋಲ್ಟು ತೆಗೆದು, ಉದ್ದನೆಯದೊಂದು ಬೋಲ್ಟನ್ನು ಎಳೆದರೆ ಇಡೀ ಗಂಟು ನೆಲಕ್ಕೆ. ಕಾರ್ಬನ್ ಕಟ್ಟಿ ಉಸಿರುಗಟ್ಟಿದ ಸೈಲೆನ್ಸರುಗಳನ್ನು ಆತ ಗ್ಯಾರೇಜಿನ ಹಿಂದೆ ಬೆಂಕಿಯಲ್ಲಿ ಸುಡುತ್ತಿದ್ದ. ಕೆಂಪಗೆ ಕಾದ ಕೊಳವೆಯನ್ನು ಬಡಿದರೆ ಕರಿ ಹಕ್ಕಳೆ ಉದುರುತ್ತಿತ್ತು. ಕಾಲೇಜು ಬಿಟ್ಟ ಮೇಲೆ ಧಾರವಾಡದ ಹುಡುಗ ಅಲ್ಲಿ ಪಾನಾ ಎತ್ತಿಕೊಡುತ್ತ ಕೂರುತ್ತಿದ್ದ. ಬಿಡಿಭಾಗ ಬೇಕಾದರೆ ನಾನಾ ಪೇಟೆ. ಹಳೆಯದು ಸಾಕೆನಿಸಿದರೆ ಬುಧವಾರ, ಭಾನುವಾರ ಸೇರುವ ಜುನಾ ಬಜಾರ್. ಪಿಂಪ್ರಿ-ಚಿಂಚವಾಡ, ಭೋಸರಿಯ ಸಣ್ಣ ಕಾರ್ಖಾನೆಗಳಲ್ಲಿ ಯಾರೋ ಒಬ್ಬರು ಆ ಕೇಬಲ್ಲು, ಆ ವಾಶರು, ಆ ಕ್ಲಚ್ ಪ್ಲೇಟನ್ನು ಮಾಡುತ್ತಲೇ ಇದ್ದರು.

ಇಟಲಿಯ ಗಾಡಿಗಳ ಬಾಳಿಕೆಯ ಬಗ್ಗೆ ಆತ ಆಮೇಲೆ ಏನೇ ಓದಿದರೂ, ಯಾರ ದೂರು ಕೇಳಿದರೂ ನೆನಪಿಗೆ ಬರುವುದು ಈ ಓಣಿಯೇ. ಒಂದು ವಾಹನ ನಂಬಿಕಸ್ತ ಹೌದೋ ಅಲ್ಲವೋ ಎಂಬುದರಲ್ಲಿ ಅರ್ಧ ಉತ್ತರ ಮಾತ್ರ ಇಂಜಿನ್ನಿನೊಳಗಿರುತ್ತದೆ, ಉಳಿದರ್ಧ ಅದರ ಸುತ್ತಲಿನ ಊರಿನಲ್ಲಿ ಎಂಬುದು ಆತನ ಗಟ್ಟಿ ಅಭಿಪ್ರಾಯ. ಪುಣೆ ಆ ಮಾತಿಗೆ ಎರಡೂ ಕಡೆಯಿಂದ ಸಾಕ್ಷಿ ಒದಗಿಸಿದೆ.

ದೀಪಾವಳಿಗೆ ಕಾಕಾ ಸ್ಕೂಟರಿನಲ್ಲೇ ಧಾರವಾಡಕ್ಕೆ ಹೊರಟ ಸಲ ಕಾಕೂ ಎಷ್ಟು ಬೇಡವೆಂದರೂ ಕೇಳಲಿಲ್ಲ. ಹಿಂದೆ ಕೂತವನು ಅಣ್ಣನ ಮಗ. ೪೦೦ ಕಿಲೋಮೀಟರಿಗೂ ಮಿಕ್ಕ ದಾರಿ. ಕಾತ್ರಜ ಘಾಟು, ಖಂಬಾಟಕಿ ಘಾಟು, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ೧೪೫ ಸಿಸಿಯ ಟೂ-ಸ್ಟ್ರೋಕ್ ಇಂಜಿನ್ನಿಗೆ ಎದುರುಗಾಳಿ ನೇರವಾಗಿ ಬಡಿಯುವುದಿಲ್ಲ. ಫ್ಲೈವೀಲಿನ ಫ್ಯಾನು ಬೀಸಿದಷ್ಟೇ ತಂಪು. ಹಾಗಾಗಿ ಪ್ರತಿ ಘಾಟಿನ ನೆತ್ತಿಯಲ್ಲಿ ಇಳಿದು ಇಂಜಿನ್ ಆರಿಸುವುದು ಕಾಕಾನ ಕಟ್ಟುನಿಟ್ಟು. ನಿಪ್ಪಾಣಿ ದಾಟಿ ಕನ್ನಡದ ಬೋರ್ಡುಗಳು ಕಾಣತೊಡಗಿದಾಗ ಕಾಕಾ ಹಾಡಲು ಶುರುಮಾಡಿದರು. ಗಾಡಿಯ ಸದ್ದಿನಲ್ಲಿ ಯಾವ ಹಾಡೆಂದು ಹಿಂದೆ ಕೂತವನಿಗೆ ಕೇಳಿಸಲಿಲ್ಲ.

ಚೇತಕ್ ಒಂದೇ ಅಲ್ಲ. ಕಾಕೂಗೆ ಒಂದು ಲೂನಾ ಇತ್ತು. ಫಿರೋದಿಯಾ ಕುಟುಂಬದ ಕೈನೆಟಿಕ್ ಎಂಜಿನಿಯರಿಂಗ್ ೧೯೭೨ರಲ್ಲಿ ತಂದ ಆ ಪುಟ್ಟ ಮೊಪೆಡ್ಡಿನ ಮೂಲವೂ ಪಿಯಾಜಿಯೊದ ಚಾವೊ. ಪಕ್ಕದ ಮನೆಯವರಲ್ಲಿ ಸಾತಾರಾದಲ್ಲಿ ತಯಾರಾಗುತ್ತಿದ್ದ ಪ್ರಿಯಾ ಇತ್ತು. ಫರ್ಗ್ಯುಸನ್ ಕಾಲೇಜ್ ರಸ್ತೆಯಲ್ಲಿ, ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿ ಹೋಟೆಲಿನ ಮುಂದೆ ಸಂಜೆ ನಿಲ್ಲುತ್ತಿದ್ದ ಗಾಡಿಗಳಲ್ಲಿ ಬಹುಪಾಲು ಇಟಲಿಯ ವಂಶದವೇ. ಒಳಗೆ ಕಾಫಿ ಕುಡಿಯುವವರಲ್ಲಿ ಯಾರಿಗೂ ತಮ್ಮದು ವಿದೇಶಿ ಗಾಡಿ ಎನಿಸುತ್ತಿರಲಿಲ್ಲ.

ಮುಂದೆ ಕಾಲ ಬದಲಾಯಿತು. ಫೋರ್-ಸ್ಟ್ರೋಕ್ ಬೈಕುಗಳು, ಗೇರಿಲ್ಲದ ಸ್ಕೂಟರುಗಳು, ಬಿಗಿಯಾದ ಹೊಗೆ ನಿಯಮಗಳು. ೨೦೦೯ರ ಕೊನೆಗೆ ಬಜಾಜ್ ಸ್ಕೂಟರ್ ತಯಾರಿಕೆಯನ್ನೇ ಕೈಬಿಡುವುದಾಗಿ ಹೇಳಿತು. ಹತ್ತು ವರ್ಷದ ಬಳಿಕ ಚೇತಕ್ ಹೆಸರು ಬ್ಯಾಟರಿ ಗಾಡಿಯಾಗಿ ಮರಳಿದಾಗ ಮೊದಲು ಮಾರಾಟಕ್ಕೆ ಬಂದದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. ಅದನ್ನು ವಾಲಿಸುವ ಪ್ರಶ್ನೆಯೇ ಇಲ್ಲ.

ಇಟಲಿ ಪುಣೆಗೆ ಎರಡನೆಯ ಸಲ ಬಂದದ್ದು ದೊಡ್ಡ ಬೈಕುಗಳ ರೂಪದಲ್ಲಿ. ೨೦೧೫ರ ಮಾರ್ಚ್‌ನಲ್ಲಿ ಪುಣೆಯ ಡಿಎಸ್‌ಕೆ ಸಮೂಹ ಬೆನೆಲ್ಲಿಯನ್ನು ತಂದಿತು. ೧೯೧೧ರಲ್ಲಿ ಪೆಸಾರೊ ಊರಿನಲ್ಲಿ ಹುಟ್ಟಿದ ಕಂಪನಿ; ೨೦೦೫ರಿಂದ ಚೀನಾದ ಚಿಯಾನ್‌ಜಿಯಾಂಗ್ ಒಡೆತನ. ಸಾತಾರಾ ಜಿಲ್ಲೆಯ ವಾಯಿಯಲ್ಲಿ ಜೋಡಣೆ. ೩೦೦ ಸಿಸಿಯ ಎರಡು ಸಿಲಿಂಡರಿನದು ಒಂದು, ೬೦೦ ಸಿಸಿಯ ನಾಲ್ಕು ಸಿಲಿಂಡರಿನದು ಇನ್ನೊಂದು. ನಾಲ್ಕು ಸಿಲಿಂಡರಿನ ಕೂಗು ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಹಾದುಹೋದರೆ ಪಾತಾಳೇಶ್ವರ ಗುಹೆಯ ಮುಂದಿನ ಜನ ತಿರುಗಿ ನೋಡುತ್ತಿದ್ದರು. ಮೂರು ವರ್ಷ ತುಂಬುವ ಮೊದಲೇ ಡಿಎಸ್‌ಕೆ ಸಮೂಹ ಹಣಕಾಸಿನ ಸುಳಿಗೆ ಬಿತ್ತು. ಠೇವಣಿದಾರರನ್ನು ವಂಚಿಸಿದ ಆರೋಪದಲ್ಲಿ ೨೦೧೮ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥರ ಬಂಧನವಾಯಿತು. ಬೈಕುಗಳ ವ್ಯವಹಾರವೂ ಸ್ಥಗಿತಗೊಂಡಿತು. ಅದೇ ವರ್ಷ ಹೈದರಾಬಾದಿನ ಮಹಾವೀರ ಸಮೂಹ ಬೆನೆಲ್ಲಿಯನ್ನು ಕೈಗೆತ್ತಿಕೊಳ್ಳುವವರೆಗೆ, ಆಮೇಲೂ ಕೆಲಕಾಲ, ಊರೂರುಗಳ ಸವಾರರು ಬಿಡಿಭಾಗಕ್ಕಾಗಿ ಅಲೆದರು. ಆ ಬೈಕುಗಳ ಇಂಜಿನ್ ರಾತ್ರೋರಾತ್ರಿ ಕೆಟ್ಟಿರಲಿಲ್ಲ. ಅದನ್ನು ನೋಡಿಕೊಳ್ಳುವ ಕೈಗಳು ಮಾಯವಾಗಿದ್ದವು.

ಕೈನೆಟಿಕ್‌ನವರು ಇಟಲಿಯ ನಂಟು ಬಿಟ್ಟಿರಲಿಲ್ಲ. ಲೂನಾದ ನಂತರ ಇಟಾಲ್‌ಜೆಟ್‌ನ ವಿನ್ಯಾಸದಿಂದ ೨೦೦೬ರಲ್ಲಿ ಬ್ಲೇಜ್ ಸ್ಕೂಟರ್ ತಂದರು. ೨೦೧೬ರಲ್ಲಿ ಎಂವಿ ಅಗುಸ್ತಾವನ್ನೂ ತಂದರು. ಚಂದದಲ್ಲಿ ಎಂವಿಯನ್ನು ಮೀರಿಸುವ ಬೈಕು ಕಡಿಮೆ. ಆದರೆ ಒಂದು ಊರಿನಲ್ಲಿ ಬೆರಳೆಣಿಕೆಯಷ್ಟು ಬೈಕುಗಳಿದ್ದರೆ ಅವುಗಳ ಸುತ್ತ ಓಣಿಯ ಮೇಸ್ತ್ರಿಗಳು ಬೆಳೆಯುವುದಿಲ್ಲ, ನಾನಾ ಪೇಟೆಯಲ್ಲಿ ಅದರ ವಾಶರು ಸಿಗುವುದಿಲ್ಲ.

ಈ ಹೊತ್ತಿಗೆ ಧಾರವಾಡದ ಹುಡುಗ ತಲೆ ನರೆತ ಎಂಜಿನಿಯರು. ಕಾಕಾನ ಮೊಮ್ಮಗ ಕೆಂಪು ಬಣ್ಣದ ಇಟಲಿ ಬೈಕೊಂದನ್ನು ಕೊಂಡ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಮೊದಲ ವರ್ಷ ಬರೀ ಸಂತೋಷ: ಭಾನುವಾರ ನಸುಕಿಗೆ ಹೊರಟು ತಾಮ್ಹಿಣಿ ಘಾಟು, ಮಳೆಗಾಲದಲ್ಲಿ ಮುಳಶಿ ಕೆರೆಯ ದಂಡೆ. ಎರಡನೆಯ ವರ್ಷ ಚಾರ್ಜಿಂಗ್ ಕೈಕೊಟ್ಟಿತು. ಆಲ್ಟರ್ನೇಟರಿನ ಕರೆಂಟನ್ನು ಹದಗೊಳಿಸಿ ಬ್ಯಾಟರಿಗೆ ಕೊಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಸುಟ್ಟಿತ್ತು. ಹಲವು ಇಟಲಿ ಬೈಕುಗಳ ಹಳೆಯ ನೋವು ಇದು: ಈ ಪೆಟ್ಟಿಗೆ ತಾನೇ ಬಿಸಿಯಾಗುವ ಸ್ವಭಾವದ್ದು, ಅದನ್ನು ಗಾಳಿಯಾಡದ ಜಾಗದಲ್ಲಿ ಕೂರಿಸಿದರೆ ಗಣೇಶಖಿಂಡ ರಸ್ತೆಯ ಟ್ರಾಫಿಕ್ಕಿನಲ್ಲಿ ಅದರ ಆಯಸ್ಸು ಕರಗುತ್ತದೆ. ಹೊಸದು ಹೊರದೇಶದಿಂದ ಬರಬೇಕು, ತಿಂಗಳುಗಳಾಗಬಹುದು ಎಂಬ ಉತ್ತರ ಬಂತು. ಅವನಿಗೆ ದೊಡ್ಡಪ್ಪನಾಗುವ ಆ ಎಂಜಿನಿಯರೂ ಮೊಮ್ಮಗನೂ ಸೇರಿ ಅದೇ ಅಳತೆಯ, ಹೆಚ್ಚು ತಂಪಾಗಿ ಕೆಲಸ ಮಾಡುವ ಜಪಾನಿ ರೆಕ್ಟಿಫೈಯರ್ ಹುಡುಕಿ, ಗಾಳಿ ಬಡಿಯುವಲ್ಲಿಗೆ ಸರಿಸಿ ಕೂರಿಸಿದರು. ಪ್ರಪಂಚದ ನಾನಾ ಕಡೆ ಇಟಲಿ ಬೈಕಿನವರು ಮಾಡಿಕೊಂಡಿರುವ ಉಪಾಯವೇ ಇದು.

ಮೊಮ್ಮಗನ ಗೆಳೆಯರ ಗುಂಪಿನಲ್ಲಿ ಡುಕಾಟಿ ಇಟ್ಟುಕೊಂಡವನೂ ಒಬ್ಬನಿದ್ದ. ಮಾಮೂಲಿ ಇಂಜಿನ್ನಿನಲ್ಲಿ ವಾಲ್ವನ್ನು ಕ್ಯಾಮ್ ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡುಕಾಟಿಯ ಡೆಸ್ಮೊ ಪದ್ಧತಿಯಲ್ಲಿ ಮುಚ್ಚುವುದಕ್ಕೂ ಬೇರೆ ಕ್ಯಾಮ್ ಇದೆ. ಫಾಬಿಯೊ ತಾಲ್ಯೋನಿ ೧೯೫೬ರಲ್ಲಿ ರೇಸಿಗಾಗಿ ಇದನ್ನು ಅಳವಡಿಸಿದ್ದಕ್ಕೆ ಕಾರಣ, ಅತಿ ವೇಗದಲ್ಲಿ ಆ ಕಾಲದ ಸ್ಪ್ರಿಂಗುಗಳು ಹಿಂದೆ ಬೀಳುತ್ತಿದ್ದವು. ೧೯೬೮ರಲ್ಲಿ ಅದು ರಸ್ತೆಯ ಬೈಕಿಗೂ ಬಂತು. ಇದರ ಬೆಲೆ ಸರ್ವಿಸಿನಲ್ಲಿ ಗೊತ್ತಾಗುತ್ತದೆ: ತೆರೆಯುವ ಸಂದು ಬೇರೆ, ಮುಚ್ಚುವ ಸಂದು ಬೇರೆ, ಎರಡನ್ನೂ ಅಳೆದು ಸರಿಪಡಿಸಬೇಕು, ಕೆಲಸ ಬಲ್ಲವನೇ ಆಗಬೇಕು. ಕ್ಯಾಮ್ ತಿರುಗಿಸುವ ರಬ್ಬರ್ ಬೆಲ್ಟ್ ಇರುವ ಮಾದರಿಗಳಲ್ಲಿ ಬೈಕು ಓಡಲಿ ಬಿಡಲಿ, ಕೆಲವು ವರ್ಷಕ್ಕೊಮ್ಮೆ ಬೆಲ್ಟ್ ಬದಲಿಸಬೇಕು. ಇದು ತಿಳಿಯದೆ ಕಡಿಮೆ ಓಡಿದ ಹಳೆಯ ಬೈಕನ್ನು ಅಗ್ಗವೆಂದು ಕೊಂಡವರು ಆಮೇಲೆ ಲೆಕ್ಕ ಹಾಕುತ್ತಾರೆ. ಸಿಗ್ನಲ್ಲಿನಲ್ಲಿ ಹಿಂದಿನ ಸಿಲಿಂಡರ್ ತೊಡೆ ಸುಡುವುದು ಇನ್ನೊಂದು. ಕಂಪನಿಗೂ ಇದು ಗೊತ್ತಿದೆ. ೨೦೨೦ರಲ್ಲಿ ತೋರಿಸಿದ ಮಲ್ಟಿಸ್ಟ್ರಾಡಾ ವಿ೪ ನಿಂತಾಗ ಹಿಂದಿನ ಸಿಲಿಂಡರುಗಳು ತಾವಾಗಿ ಸುಮ್ಮನಾಗುತ್ತವೆ. ಅದರ ಇಂಜಿನ್ನಿನಲ್ಲಿ ಡೆಸ್ಮೊ ಬಿಟ್ಟು ಸ್ಪ್ರಿಂಗಿಗೇ ಮರಳಿ, ವಾಲ್ವ್ ತಪಾಸಣೆಯ ಅಂತರವನ್ನು ೬೦,೦೦೦ ಕಿಲೋಮೀಟರಿಗೆ ಒಯ್ದಿದ್ದಾರೆ. ಇಟಲಿಯವರು ದೂರು ಕೇಳಿಸಿಕೊಳ್ಳುವುದಿಲ್ಲ ಎನ್ನುವವರು ಈ ಇಂಜಿನ್ನನ್ನು ನೋಡಬೇಕು.

ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಪಿಯಾಜಿಯೊ ತನ್ನದೇ ಕಾರ್ಖಾನೆ ನಡೆಸುತ್ತಿದೆ. ಮೊದಲು ಆಪೆ ರಿಕ್ಷಾಗಳು, ೨೦೧೨ರಿಂದ ವೆಸ್ಪಾ ಸ್ಕೂಟರುಗಳು. ಈಗ ಎಪ್ರಿಲಿಯಾ ಆರ್‌ಎಸ್ ೪೫೭ ಎಂಬ ಎರಡು ಸಿಲಿಂಡರಿನ ಬೈಕು ಅಲ್ಲಿಯೇ ತಯಾರಾಗಿ ಯೂರೋಪಿಗೂ ಹಡಗೇರುತ್ತಿದೆ. ೨೦೨೩ರ ಡಿಸೆಂಬರಿನಲ್ಲಿ ಅದು ೪.೧೦ ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂದಾಗ ಕಾಕಾನ ಮೊಮ್ಮಗ ದೊಡ್ಡಪ್ಪನನ್ನು ಶೋರೂಮಿಗೆ ಕರೆದೊಯ್ದ. ಹುಡುಗ ಎಷ್ಟು ಕುದುರೆಶಕ್ತಿ, ಎಷ್ಟು ತೂಕ ಎಂದು ಕೇಳುತ್ತಿದ್ದರೆ ಹಿರಿಯರು ಕೇಳಿದ್ದು ಬೇರೆ: ಕ್ಲಚ್ ಕೇಬಲ್ ಸ್ಟಾಕಿನಲ್ಲಿದೆಯೇ, ರೆಕ್ಟಿಫೈಯರ್ ಎಲ್ಲಿ ಕೂರಿಸಿದ್ದಾರೆ, ಬಿದ್ದು ಲೀವರ್ ಮುರಿದರೆ ಬಾರಾಮತಿಯಿಂದ ಎಷ್ಟು ದಿನಕ್ಕೆ ಬರುತ್ತದೆ. ಮಾರಾಟದ ಹುಡುಗಿ ಒಂದೊಂದನ್ನೂ ಒಳಗೆ ಹೋಗಿ ವಿಚಾರಿಸಿ ಬಂದು ಹೇಳಿದಳು.

ಕಾಕಾನ ಚೇತಕ್ ಈಗಲೂ ಮನೆಯಲ್ಲಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಸಂಗಮ ಸೇತುವೆಯ ಹತ್ತಿರದ ಆರ್‌ಟಿಒ ಕಚೇರಿಗೆ ಅದನ್ನು ಓಡಿಸಿಕೊಂಡೇ ಹೋಗುತ್ತಾರೆ. ಈಗಿನ ಹೊಸ ತಲೆನೋವು ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲ್. ೧೯೭೦ರ ದಶಕದ ರಬ್ಬರು ಇದಕ್ಕೆ ತಡೆಯುವುದಿಲ್ಲ: ಪೈಪು ಉಬ್ಬುತ್ತದೆ, ಕಾರ್ಬ್ಯುರೇಟರಿನ ಸೀಲು ಮೆದುವಾಗುತ್ತದೆ, ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ. ಓಣಿಯ ಮೇಸ್ತ್ರಿಯ ಮಗ ಎಥನಾಲ್ ತಡೆಯುವ ಪೈಪು, ಹೊಸ ಸೀಲುಗಳನ್ನು ನಾನಾ ಪೇಟೆಯಿಂದಲೇ ತಂದು ಹಾಕಿದ್ದಾನೆ. ಗಾಡಿ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಪೆಟ್ರೋಲ್ ನಲ್ಲಿ ಬಂದ್ ಮಾಡಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಇಂಜಿನ್ ಓಡಿಸಿ ಬಿಡಿ ಎಂಬುದು ಅವನ ಸಲಹೆ.